ಸೊನ್ನೆಯಾಗಿ ಬಂದ ಅಕ್ಕ

ಅಕ್ಕನನ್ನು ನಮ್ಮ ಮನೆಯ ಲೆಕ್ಕದಿಂದ ಹೊರಗೆ ಹಾಕಿದ್ದು ಕಂಪ್ಯೂಟರ್ ಎಂದು ನಮ್ಮ ಹಳೆಯ ಓಣಿಯವರು ಈಗಲೂ ಹೇಳುತ್ತಾರೆ. ಮನೆಯಲ್ಲೂ ಅದೇ ಮಾತು. ಎಲ್ಲರಿಗೂ ಅನುಕೂಲದ ಮಾತು; ಯಂತ್ರ ಎದ್ದು ನಿಂತು ಉತ್ತರ ಕೊಡುವುದಿಲ್ಲವಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ: ಎಲ್ಲರೂ ಒಪ್ಪಿಕೊಂಡ ಮಾತನ್ನೇ ಮೊದಲು ಅನುಮಾನಿಸಬೇಕು.

ಎಂಬತ್ತರ ದಶಕದ ನಡುವಿನ ದಿನಗಳು. ಹಳೆಯ ಬಾಗಲಕೋಟೆಯ ನಮ್ಮ ಮನೆ ಅಣೆಕಟ್ಟೆಯ ಹಿನ್ನೀರಿನ ಮುಳುಗಡೆಗೆ ಸೇರಿತ್ತು. ಸರ್ವೆಯವರು ಬಂದು, ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕೆಂದು ಬರೆದುಕೊಂಡು ಹೋಗಿದ್ದರು. ಅಕ್ಕ ಹುನಗುಂದದ ಗಂಡನ ಮನೆ ಬಿಟ್ಟು ಬಂದು ಕೆಲವು ವರ್ಷಗಳಾಗಿದ್ದವು. ಪಡಸಾಲೆಯ ಮೂಲೆಯಲ್ಲಿ ಮಷಿನ್ ಇಟ್ಟುಕೊಂಡು ಖಣದ ಕುಪ್ಪಸ ಹೊಲಿಯುತ್ತಿದ್ದಳು. ಯಾರಾದರೂ ಬಂದರೆ ಅಪ್ಪ, “ನಾಕ ದಿನ ಇರಾಕ ಬಂದಾಳ್ರಿ” ಎನ್ನುತ್ತಿದ್ದ. ಆಗ ಮಷಿನ್ನಿನ ಸದ್ದು ನಿಲ್ಲುತ್ತಿತ್ತು.

ಮನೆ ಮುಳುಗುವವರಿಗೆಂದು ಕಟ್ಟುತ್ತಿದ್ದ ನವನಗರದಲ್ಲಿ ತನ್ನ ಹೆಸರಿಗೊಂದು ಸಣ್ಣ ಜಾಗ, ಅವಳಿಗೆ ಬೇಕಾಗಿದ್ದು ಅಷ್ಟೇ. ಮನೆಯ ಮಗಳೆಂದು ದಾಖಲಾಗಿದ್ದರೆ ಅರ್ಜಿ ಹಾಕಬಹುದಿತ್ತು. ಕಂಪ್ಯೂಟರಿನಿಂದ ಅಚ್ಚಾಗಿ ಬಂದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ‘ಇತರೆ’ ಎಂದಿತ್ತು.

“ಹೊಳಿ ನೀರು ಬರೂಕಿಂತ ಮೊದ್ಲ ಈಕಿನ್ನ ಮುಳುಗಿಸಿದ್ರಲ್ರೀ!” ಎಂದು ಪಕ್ಕದ ಮನೆಯ ಕಾಕಾ ನಕ್ಕರು. ಅಕ್ಕ ಹಲ್ಲಿನಿಂದ ದಾರ ಕಡಿದಳು.

ಆ ಹಾಳೆಗಳಿಗೆ ಪ್ರೋಗ್ರಾಂ ಬರೆದಿದ್ದವನು ಕಾಲೇಜಿನ ಚರ್ಚೆಗಳಲ್ಲಿ ನನ್ನ ಎದುರು ನಿಲ್ಲುತ್ತಿದ್ದ ಗೆಳೆಯ. ಜಗಳಕ್ಕೆಂದೇ ಅವನ ಕಚೇರಿಗೆ ಹೋದೆ.

“ನಿನ್ನ ಡಬ್ಬಿಗೆ ಮಗಳು ಅಂದ್ರ ಯಾರಂತ ಗೊತ್ತಿಲ್ಲೇನಲೇ?”

“ಅದಕ್ಕ ಯಾರೂ ಗೊತ್ತಿಲ್ಲೋ. ಅಂಕಿ ಅಷ್ಟ ಗೊತ್ತು. ಹೆಂಡತಿ ಎರಡು, ಮಗ ಮೂರು, ಮಗಳು ನಾಕು. ಶಬ್ದ ಕೊಟ್ರ ಅಂಕಿ ಮಾಡಿ ಇಟ್ಕೋತೈತಿ. ಅಚ್ಚು ಹಾಕುಮುಂದ ಅಂಕಿ ನೋಡಿ ಮತ್ತ ಶಬ್ದ ಮಾಡ್ತೈತಿ.”

“ಗೊತ್ತಿರಲಾರದ ಶಬ್ದ ಬಂದ್ರ?”

“ಸೊನ್ನಿ.”

“ಸೊನ್ನಿ ಅಂದ್ರ?”

“ಇತರೆ.”

ಸಿಕ್ಕಿಬಿದ್ದ ಎಂದುಕೊಂಡೆ. ಗೊತ್ತಿಲ್ಲವೆಂದು ಹೇಳಿ ನಿಲ್ಲುವ ಬದಲು, ಗೊತ್ತಿಲ್ಲದ್ದನ್ನೆಲ್ಲ ಒಂದೇ ಸೊನ್ನೆಗೆ ತಳ್ಳುವುದು ಯಾವ ನ್ಯಾಯ? “ಅದು ನಿಂತ್ರ ಸಾಹೇಬ್ರು ನನ್ನ ನಿಲ್ಲಸ್ತಾರ” ಎಂದ. ಅದು ಅವನ ತಪ್ಪು; ಇಂದಿಗೂ ನಾನು ಬಿಟ್ಟುಕೊಟ್ಟಿಲ್ಲ. ಆದರೆ ಅವನು ಕುರ್ಚಿ ಸರಿಸಿ, “ಬಾ, ನೀನ ಬಡಿದು ನೋಡು” ಎಂದ.

ಇಂಗ್ಲಿಷ್ ಅಕ್ಷರಗಳಲ್ಲಿ ‘ಮಗಳು’ ಎಂದು ಒತ್ತಿದೆ. ನಾಲ್ಕು ಬಂತು. ನಾಲ್ಕು ಒತ್ತಿದರೆ ‘ಮಗಳು’. ಮದುವೆಯಾದವಳೋ, ಗಂಡನನ್ನು ಬಿಟ್ಟವಳೋ ಎಂದು ಅದು ಕೇಳಲೇ ಇಲ್ಲ. ‘ಬೀಗರು’ ಎಂದೆ: ಸೊನ್ನೆ. ‘ಕೊಟ್ಟ ಹೆಣ್ಣು’ ಎಂದೆ: ಸೊನ್ನೆ. ಸೊನ್ನೆ ಒತ್ತಿದರೆ ಮಾತ್ರ ಇವೆರಡರಲ್ಲಿ ಒಂದೂ ವಾಪಸು ಬರಲಿಲ್ಲ. ‘ಇತರೆ’ ಅಷ್ಟೇ. ಒಳಗೆ ಹೋದ ಶಬ್ದ ಯಾವುದಿತ್ತು ಎಂಬುದು ಆ ಸೊನ್ನೆಗೂ ನೆನಪಿರಲಿಲ್ಲ.

“ಸರ್ವೆಯವ್ರು ಬರಕೊಂಡ ಹಾಳಿ?”

“ಗಂಟು ಕಟ್ಟಿ ಮ್ಯಾಲಿನ ಕಚೇರಿಗೆ ಕಳಿಸ್ಯಾರ. ಅದೆಲ್ಲಾ ಬಿಡೋ, ತಿದ್ದಾಕ ಬರ್ತೈತಿ. ಈ ತಿಂಗಳದಾಗ ಮನಿ ಯಜಮಾನ ಬಂದು, ಮಗಳು ಅಂತ ಬಾಯಿಲೆ ಹೇಳಿದ್ರ ಮುಗೀತು.”

ಓಡುತ್ತಲೇ ಮನೆಗೆ ಬಂದು ಅಪ್ಪನಿಗೆ ಹೇಳಿದೆ.

“ಕಂಪ್ಯೂಟರ್ ಮಾಡಿದ ತಪ್ಪಿಗೆ ನಾ ಯಾಕ ಹೋಗ್ಲಿ?” ಎಂದ.

ಸರ್ವೆಯ ದಿನ ಏನಾಯಿತೆಂದು ಅವ್ವನನ್ನು ಕೇಳಿದೆ. “ನಾ ಒಲಿ ಮುಂದ ಇದ್ನೆಪಾ. ‘ಈಕಿ ಯಾರ್ರೀ’ ಅಂತ ಸರ್ವೆಯಂವ ಕೇಳಿದ್ದು ಕೇಳಿಸ್ತು. ನಿಮ್ಮಪ್ಪ ಭಾಳ ಸಣ್ಣ ದನಿಲೆ ಏನೋ ಅಂದ್ರು.”

ಅಪ್ಪ ಹೋಗಲಿಲ್ಲ. ತಿಂಗಳು ಮುಗಿಯಿತು. ಸರ್ವೆಯವನು ತಪ್ಪಾಗಿ ಬರೆದುಕೊಂಡಿರಬಹುದು. ಅದನ್ನು ಕಂಪ್ಯೂಟರಿಗೆ ಬಡಿದವನ ಕೈ ತಪ್ಪಿರಬಹುದು. ವಾದಕ್ಕಾಗಿ ಎರಡನ್ನೂ ಒಪ್ಪುತ್ತೇನೆ. ತಿದ್ದಲು ಕೊಟ್ಟಿದ್ದ ತಿಂಗಳಿಗೆ ಮಾತ್ರ ನನ್ನ ಬಳಿ ವಾದವಿಲ್ಲ.

ಒಂದು ಸಂಜೆ ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಅದೇ ಕಾಕಾನಿಗೆ ಅದೇ ಕಂಪ್ಯೂಟರಿನ ಕಥೆ ಹೇಳುತ್ತಿದ್ದ. ಕಾಕಾ ಎದ್ದು ಹೋಗುವವರೆಗೆ ಕಾದೆ. ಒಳಗೆ ಮಷಿನ್ನಿನ ಸದ್ದು ನಿಂತಿತ್ತು.

“ಅಪ್ಪಾ, ‘ಈಕಿ ಯಾರು’ ಅಂತ ಅಂವ ಕೇಳಿದಾಗ, ನೀ ಏನಂದಿ?”