ಮೂರನೆಯ ಗೆರೆ

ಹೋದ ತಿಂಗಳು ಹಳೆಯ ಪ್ರಿಂಟರಿನ ವೈರ್ ಹುಡುಕಲು ಮೇಜಿನ ಕೆಳಗಿನ ಡ್ರಾವರ್ ಎಳೆದೆ. ವೈರ್ ಸಿಗಲಿಲ್ಲ, ಆಯಿಲ್ ಪೇಂಟಿನ ವಾಸನೆ ಬಂತು. ಇಷ್ಟು ವರ್ಷದ ಮೇಲೂ ಅದು ಹೇಗೆ ಉಳಿಯಿತೋ... ಆ ಡ್ರಾವರನ್ನು ನಾನು ತೆರೆಯುತ್ತಲೇ ಇರಲಿಲ್ಲ, ಅದಕ್ಕೇ ಇರಬಹುದು. ಮೂಲೆಯಲ್ಲಿ ಪೇಪರಿನಲ್ಲಿ ಸುತ್ತಿದ ಅಂಗೈಯಗಲದ ಹಲಗೆ ಇತ್ತು. ಕೂಡಲೇ ಬಿಚ್ಚಲಿಲ್ಲ. ಒಳಗೇನಿದೆ ಎಂದು ನನಗೆ ಗೊತ್ತಿತ್ತು.

ಅದು ಪೇಂಟರ್ ಚಾಚಾ ಕೊಟ್ಟದ್ದು.

ಕಲಘಟಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ಕಂಪ್ಯೂಟರ್ ಸೆಂಟರ್ ತೆರೆದಾಗ ಪಕ್ಕದ ಖೋಲಿ ಅವರದಾಗಿತ್ತು. ದಿನಾ ಮಿಶ್ರಿಕೋಟಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಒಂದು ಕಾಲಕ್ಕೆ ಈ ಊರಿನ ಅಂಗಡಿಗಳ ಬೋರ್ಡುಗಳನ್ನೆಲ್ಲ ಬರೆದವರು ಅವರೇ. ನಾನು ನೋಡುವ ಹೊತ್ತಿಗೆ ಫ್ಲೆಕ್ಸ್ ಬಂದಾಗಿತ್ತು. ಅವರ ಖೋಲಿಯಲ್ಲಿ ಬೋರ್ಡಿಗಿಂತ ಖಾಲಿ ಡಬ್ಬಿಗಳೇ ಹೆಚ್ಚು. ಟ್ರ್ಯಾಕ್ಟರುಗಳ ಹಿಂದೆ ಹೆಸರು, ಗಾಡಿಗಳಿಗೆ ನಂಬರು ಬರೆದುಕೊಂಡಿದ್ದರು. ಹನ್ನೊಂದಕ್ಕೆ ಸರಿಯಾಗಿ ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದು ಕೂತು, ಚಹಾ ಕುಡಿದು ಹೋಗುವರು. ನನಗಾಗ ಇಪ್ಪತ್ತಾರು ವರ್ಷ, ತಲೆ ತುಂಬ ಗಾಳಿ. ಕಂಪ್ಯೂಟರ್ ಮುಟ್ಟದವರಿಂದ ನನಗೆ ಕಲಿಯುವುದೇನೂ ಇಲ್ಲವೆಂದು ತಿಳಿದುಕೊಂಡಿದ್ದೆ.

ನಾನು ಮಾಡಿದ ಮೊದಲ ವೆಬ್‌ಸೈಟು ತೊಟ್ಟಿಲ ಅಂಗಡಿಯೊಂದರದು. ನಮ್ಮೂರ ತೊಟ್ಟಿಲನ್ನು ದೂರದವರೂ ಕೇಳಿಕೊಂಡು ಬರುತ್ತಾರೆ. ಅಂಗಡಿಯ ಹೆಸರು ‘ಬಣ್ಣದ ತೊಟ್ಟಿಲು’. ನನ್ನ ಕಂಪ್ಯೂಟರಿನಲ್ಲಿ ಪುಟ ಮದುಮಗಳ ಹಾಗೆ ಕಾಣುತ್ತಿತ್ತು. ಅಂಗಡಿಯ ಸಾಹುಕಾರರ ಫೋನಿನಲ್ಲಿ ಮಾತ್ರ ತಲೆಬರಹದ ಒತ್ತಕ್ಷರಗಳೆಲ್ಲ ಕತ್ತರಿಸಿ ಹೋಗಿದ್ದವು. ಬಣ್ಣದ ತೊಟ್ಟಿಲು ‘ಬಣದ ತೊಟಿಲು’ ಆಗಿ ಕೂತಿತ್ತು. ಹಾವೇರಿ ಕಡೆಯ ಗಿರಾಕಿಯೊಬ್ಬ ಫೋನ್ ಮಾಡಿ ಸಾಹುಕಾರರನ್ನು ಕೇಳಿದನಂತೆ: “ಇದು ಯಾವ ಬಣದ ತೊಟ್ಟಿಲರಿ? ಇಲೆಕ್ಷನ್ ಹತ್ರ ಬಂತಲ್ಲ, ಕೇಳಿಕೊಂಡ ಬರೂಣು ಅಂತ.”

ಸಾಹುಕಾರರು ನಗಲಿಲ್ಲ. ಎಂಟು ದಿನ ಕೊಟ್ಟರು. ಅಷ್ಟರಲ್ಲಿ ಸರಿಯಾಗದಿದ್ದರೆ ಹುಬ್ಬಳ್ಳಿಯವರಿಗೆ ಕೆಲಸ ಒಪ್ಪಿಸುವುದಾಗಿ ಹೇಳಿ ಹೋದರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಬ್ರೌಸರುಗಳದೂ ಅದೇ ಕಥೆ. ಒಂದರಲ್ಲಿ ಸರಿ ಮಾಡಿದರೆ ಇನ್ನೊಂದರಲ್ಲಿ ಕೆಡುತ್ತಿತ್ತು. ಅಕ್ಷರ ಸಣ್ಣದು ಮಾಡಿದೆ, ಫಾಂಟು ಬದಲಿಸಿದೆ, ಇಂಗ್ಲಿಷ್ ಪುಟಗಳಲ್ಲಿ ಸಿಕ್ಕ ಉಪಾಯಗಳನ್ನೆಲ್ಲ ತಂದು ಸುರಿದೆ. ನಾಲ್ಕನೆಯ ದಿನ ಚಾಚಾ ಚಹಾದ ಕಪ್ಪು ಹಿಡಿದುಕೊಂಡೇ ನನ್ನ ಹೆಗಲ ಹಿಂದಿನಿಂದ ಇಣುಕಿದರು.

“ಗೆರಿ ಎಷ್ಟ ಹೊಡದೀ, ತಂಗಿ?”

“ಎಂಥಾ ಗೆರಿ, ಚಾಚಾ?”

ತಮ್ಮ ಖೋಲಿಗೆ ಕರೆದುಕೊಂಡು ಹೋದರು. ಸುಣ್ಣದ ಪುಡಿ ಹಚ್ಚಿದ ದಾರವನ್ನು ಹಲಗೆಯ ಮೇಲೆ ಬಿಗಿಯಾಗಿ ಹಿಡಿದು, ಎಳೆದು ಬಿಟ್ಟರು. ಬಿಳಿ ಗೆರೆ ಬಿತ್ತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು.

“ಇಂಗ್ಲಿಷಿಗೆ ಎರಡ ಗೆರಿ ಸಾಕು. ಕನ್ನಡಕ್ಕ ಮೂರು ಬೇಕವಾ. ಮೂರನೇದು ಒತ್ತಕ್ಷರದ್ದು. ಅದಕ್ಕ ಜಾಗಾ ಬಿಡಲಿಲ್ಲಂದ್ರ ಕಾಲ ಕಡದಂಗ ಆಗ್ತೈತಿ.”

ವಾಪಸು ಬಂದು ಪುಟಕ್ಕೆ ನಾನು ಬರೆದ ಕೋಡನ್ನೇ ಓದಿದೆ. ತಲೆಬರಹದ ಪಟ್ಟಿಗೆ ಇಂತಿಷ್ಟೇ ಎತ್ತರ ಎಂದು ಕಟ್ಟಿಹಾಕಿ, ಹೊರಗೆ ಚಾಚಿದ್ದನ್ನು ಮರೆಮಾಡಬೇಕೆಂದು ಅಪ್ಪಣೆ ಕೊಟ್ಟವಳು ನಾನೇ. ನನ್ನ ಕಂಪ್ಯೂಟರಿನ ಫಾಂಟು ಗಿಡ್ಡ, ಅದರೊಳಗೆ ಹಿಡಿಸಿತ್ತು. ಫೋನಿನದು ಎತ್ತರ, ಹಿಡಿಸಲಿಲ್ಲ. ಬ್ರೌಸರಿನ ತಪ್ಪು ಏನೂ ಇರಲಿಲ್ಲ. ಆ ಎತ್ತರವನ್ನು ಅಳಿಸಿ, ಸಾಲಿಗೂ ಸಾಲಿಗೂ ನಡುವೆ ಅಂತರ ಬಿಟ್ಟೆ. ಓಣಿಯಲ್ಲಿ ಸಿಕ್ಕವರ ಫೋನುಗಳನ್ನೆಲ್ಲ ಇಸಿದುಕೊಂಡು ನೋಡಿದೆ, ಎಲ್ಲದರಲ್ಲೂ ಬಣ್ಣ ಮರಳಿ ಬಂದಿತ್ತು. ಚಾಚಾ ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ ತಲೆಯಾಡಿಸಿದರು, ಅಷ್ಟೇ.

ಅದೇ ತಿಂಗಳು ಸಾಹುಕಾರರು ಅಂಗಡಿಯ ಹಳೆಯ ಬೋರ್ಡ್ ಇಳಿಸಿ ಫ್ಲೆಕ್ಸ್ ಹಾಕಿಸುತ್ತಾರೆಂದು ಸುದ್ದಿಯಾಯಿತು. ಆ ಬೋರ್ಡ್ ಚಾಚಾ ಬರೆದದ್ದು, ಆ ರಸ್ತೆಯಲ್ಲಿ ಅವರ ಕೈಯ ಅಕ್ಷರ ಉಳಿದದ್ದು ಅದೊಂದೇ. ಯಾರದೋ ಮನೆಯ ಸುದ್ದಿ ಹೇಳುವಂತೆ ಅವರೇ ನನಗೆ ಹೇಳಿದರು. ನನ್ನಿಂದ ಏನನ್ನೂ ಕೇಳಲಿಲ್ಲ. ನಾನೇ ಹೋಗಿ ಬೋರ್ಡಿನ ಫೋಟೋ ತೆಗೆದು, ಟೈಪ್ ಮಾಡಿದ ಹೆಸರಿನ ಜಾಗದಲ್ಲಿ ಅದನ್ನೇ ಪುಟದ ನೆತ್ತಿಗೆ ಕೂರಿಸಿದೆ.

ಚಾಚಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಬೆರಳನ್ನು ಗಾಜಿನ ಮೇಲಿಟ್ಟು ಒತ್ತಕ್ಷರಗಳ ಗುಂಟ ಸರಿಸಿದರು.

“ಇನ್ನ ಇದನ್ನ ಯಾರೂ ಇಳಸಂಗಿಲ್ಲಲ್ಲ?”

“ಇಲ್ರಿ ಚಾಚಾ,” ಅಂದೆ.

ಹನ್ನೆರಡನೆಯ ದಿನ ನಾನೇ ಇಳಿಸಿದೆ. ಅಗಲವಾದ ಬೋರ್ಡ್ ಅದು, ಫೋನಿನ ಪರದೆಯ ಆಚೆಗೆ ಚೆಲ್ಲುತ್ತಿತ್ತು. ‘ಬಣ್ಣದ ತೊ’ ಎಂಬಲ್ಲಿಗೆ ಪರದೆ ಮುಗಿದು, ಉಳಿದದ್ದನ್ನು ಬೆರಳಿನಿಂದ ಜಗ್ಗಿ ನೋಡಬೇಕಿತ್ತು. ಪರದೆಯಷ್ಟೇ ಅಗಲ ಎಂದು ಕಟ್ಟಿಹಾಕಿದರೆ ಕೆಲವು ಫೋನುಗಳಲ್ಲಿ ಅಕ್ಷರಗಳು ಸ್ಯಾವಿಗೆ ಎಳೆದಂತೆ ಉದ್ದಕ್ಕೆ ನಿಲ್ಲುತ್ತಿದ್ದವು. ಅದನ್ನೂ ಸರಿಪಡಿಸಿ ಕುಗ್ಗಿಸಿದಾಗ ಹೆಸರು ಇರುವೆ ಸಾಲಿನಷ್ಟಾಯಿತು. “ತಗದ ಒಗೀರಿ ಅದನ್ನ. ಟೈಪ್ ಮಾಡಿದ್ದ ಚಲೋ ಇತ್ತು,” ಅಂದರು ಸಾಹುಕಾರರು. ತೆಗೆದೆ. ಚಾಚಾಗೆ ಹೇಳಲಿಲ್ಲ.

ಅವರು ಮಿಶ್ರಿಕೋಟಿಯಲ್ಲಿ ಮಗನ ಫೋನಿನಲ್ಲಿ ನೋಡಿ ತಿಳಿದುಕೊಂಡರು. ಮರುದಿನ ಚಹಾಕ್ಕೆ ಬಂದಾಗ ಕೇಳಿದ್ದಕ್ಕೆ, ಬೋರ್ಡ್ ಫೋನಿನಲ್ಲಿ ಕೂಡುವುದಿಲ್ಲ ಎಂದೆ. “ಹೌದೇನು,” ಅಂದರು. ಚಹಾ ಮುಗಿಸಿ ಎದ್ದು ಹೋದರು.

ವಾರದ ನಂತರ ಪೇಪರಿನಲ್ಲಿ ಸುತ್ತಿದ ಹಲಗೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಮಗನ ಫೋನನ್ನು ದಾರದಲ್ಲಿ ಅಳೆದು ಅಷ್ಟೇ ಅಗಲದ ಹಲಗೆ ಕೊಯ್ಯಿಸಿದ್ದರು. ಹೆಸರನ್ನು ಎರಡು ಸಾಲಿಗೆ ಒಡೆದು, ಮೇಲೆ ‘ಬಣ್ಣದ’, ಕೆಳಗೆ ‘ತೊಟ್ಟಿಲು’ ಎಂದು ಹೊಸದಾಗಿ ಬರೆದಿದ್ದರು. ಪೇಂಟ್ ಇನ್ನೂ ಪೂರ್ತಿ ಒಣಗಿರಲಿಲ್ಲ.

“ಗ್ವಾಡಿ ಸಣ್ಣದಿತ್ತಂದ್ರ ಬೋರ್ಡ್ ಸಣ್ಣದ ಬರೀಬೇಕು. ದೊಡ್ಡದನ್ನ ಕುಗ್ಗಸಬಾರದು ತಂಗಿ, ಒತ್ತಕ್ಷರ ಮುಚ್ಚಿಹೋಗ್ತಾವು. ದೊಡ್ಡ ಪರದೇಕ್ಕ ಅದನ್ನ ಹಾಕು, ಫೋನಿಗೆ ಇದನ್ನ ಹಾಕು.”

ನನಗೆ ಒಳಗೊಳಗೇ ನಗು ಬಂತು. ಫೋಟೋ ಅಂದಮೇಲೆ ಹಲಗೆ ಗೇಣುದ್ದವಿದ್ದರೇನು, ಮಾರುದ್ದವಿದ್ದರೇನು ಎಂಬುದು ನನ್ನ ಎಣಿಕೆ. ಒಂದೇ ಪುಟದಲ್ಲಿ ಪರದೆಗೊಂದು ಬೋರ್ಡ್ ಹಾಕಲು ಬರುತ್ತದೆಂದು ನನಗಾಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಬದಲು “ಹಾಕ್ತೇನ್ರಿ ಚಾಚಾ” ಅಂದು, ಅವರು ಹೋದಮೇಲೆ ಡ್ರಾವರಿಗೆ ಹಾಕಿದೆ.

ಅವರು ಮತ್ತೆ ಕೇಳಲಿಲ್ಲ. ದಿನಾ ಬಂದರು, ಚಹಾ ಕುಡಿದರು, ಮಳೆಯ ಮಾತು, ಬಸ್ಸಿನ ಮಾತು ಆಡಿದರು. ಎರಡು ತಿಂಗಳ ಮೇಲೆ ಬರುವುದು ನಿಂತಿತು. ಆಮೇಲೆ ಕಾಯಿಲೆ ಎಂದರು, ಆಮೇಲೆ... ಮಣ್ಣಾದ ಮೇಲೆ ಮಿಶ್ರಿಕೋಟಿಗೆ ಹೋಗಿ, ಅವರ ಹೆಂಡತಿ ಚಾಚಿಯ ಪಕ್ಕ ಹೆಂಗಸರ ನಡುವೆ ಅರ್ಧ ತಾಸು ಕೂತು ಬಂದೆ. ಖೋಲಿಗೆ ಈಗ ಮೊಬೈಲ್ ರಿಪೇರಿಯವನು ಬಂದಿದ್ದಾನೆ.

ವರ್ಷದ ನಂತರ ಇನ್ನಾವುದೋ ಕೆಲಸಕ್ಕೆ ಓದುವಾಗ ಗೊತ್ತಾಯಿತು: ಅಗಲ ಪರದೆಗೆ ಒಂದು ಚಿತ್ರ, ಸಣ್ಣ ಪರದೆಗೆ ಬೇರೊಂದು ಚಿತ್ರ ಎಂದು ಪುಟಕ್ಕೆ ಹೇಳಬಹುದು. ನಾಲ್ಕು ಸಾಲು ಬರೆದರೆ ಸಾಕು. ಚಾಚಾ ಹೇಳಿದ್ದು ಅದನ್ನೇ. ಆಗ ಹಲಗೆ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ನಾಳೆ ಮಾಡಿದರಾಯಿತು ಎಂದುಕೊಂಡೆ. ನಾಚಿಕೆಯೂ ಇತ್ತು. ಬೇರೆ ಅಂಗಡಿಗಳ ಪುಟಗಳಿಗೆ ಆ ನಾಲ್ಕು ಸಾಲನ್ನು ಎಷ್ಟೋ ಸಲ ಬರೆದೆ.

ಹೋದ ತಿಂಗಳು ಕೊನೆಗೂ ಪೇಪರ್ ಬಿಚ್ಚಿದೆ. ಕೆಂಪು ಹಾಗೇ ಇದೆ, ಹಳದಿ ಸ್ವಲ್ಪ ಮಂಕಾಗಿದೆ. ಬಣ್ಣದ ಕೆಳಗೆ ಪೆನ್ಸಿಲ್ಲಿನ ಗೆರೆಗಳು ಕಾಣುತ್ತವೆ, ಸಾಲಿಗೆ ಮೂರು ಮೂರು. ಫೋಟೋ ತೆಗೆದು ಹಾಕುವುದಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ. ಕಂಪ್ಯೂಟರಿನಲ್ಲಿ ತೆರೆದರೆ ಹಳೆಯ ದೊಡ್ಡ ಬೋರ್ಡ್, ಫೋನಿನಲ್ಲಿ ಈ ಚಿಕ್ಕದು. ಕೈಗೆ ಸಿಕ್ಕ ಬ್ರೌಸರುಗಳಲ್ಲೆಲ್ಲ ನೋಡಿದೆ. ಅಂಗಡಿಯನ್ನು ಈಗ ನೋಡಿಕೊಳ್ಳುವ ಸಾಹುಕಾರರ ಮಗ “ಹಾಕ್ಕೋರಿ ಬೇಕಾದ್ರ” ಅಂದ, ಪುಟ ತೆರೆದು ನೋಡಲಿಲ್ಲ.

ಭಾನುವಾರ ಮಿಶ್ರಿಕೋಟಿಗೆ ಹೋದೆ. ಚಾಚಿಗೆ ಕಣ್ಣು ಮಂಜಾಗಿದೆ. ಫೋನನ್ನು ಮುಖದ ಹತ್ತಿರ ಹಿಡಿದು ನೋಡಿದರು. ಆಮೇಲೆ ಬೆರಳಿಟ್ಟು ಪುಟವನ್ನು ಬಾಜೂಕ್ಕೆ ಜಗ್ಗಿದರು. ಅದು ಸರಿಯಲಿಲ್ಲ. ಇನ್ನೊಮ್ಮೆ ಜಗ್ಗಿದರು.

“ಜಗ್ಗೂದು ಬ್ಯಾಡ್ರಿ ಚಾಚಿ, ಪೂರಾ ಬಂದೈತಿ,” ಅಂದೆ.

“ಮೊದಲ ಜಗ್ಗಿ ನೋಡಬೇಕಿತ್ತು. ಅವರ ತೋರಸಿದ್ರು,” ಅಂದರು. “ಸಣ್ಣ ಹಲಗಿ ಕೊಟ್ಟ ಬಂದ ಮ್ಯಾಲ ದಿನಾ ಮುಂಜಾನೆ ಮಗನ ಫೋನ್ ಇಸ್ಕೊಂಡು ನೋಡ್ತಿದ್ರವಾ. ಇವತ್ತ ಹಾಕಿರ್ತಾಳ, ಇವತ್ತ ಹಾಕಿರ್ತಾಳ ಅಂತ.”

“ಎಲ್ಲೀತನಕ?”

“ದವಾಖಾನಿಗೆ ಒಯ್ಯೂತನಕ.”

ಫೋನನ್ನು ನನ್ನ ಕೈಗೆ ಕೊಟ್ಟು ಚಹಾ ಇಡಲು ಒಳಗೆ ಹೋದರು. ಪರದೆಯ ಮೇಲೆ ಎರಡು ಸಾಲು, ಒತ್ತಕ್ಷರಗಳ ಸಮೇತ, ಎಲ್ಲೂ ಕತ್ತರಿಸದೆ ನಿಂತಿದ್ದವು. ಅಲ್ಲಿ ಕೂತು ನೋಡುತ್ತ ಅತ್ತುಬಿಟ್ಟೆ. ಆಮೇಲೆ ಚಹಾ ಬಂತು, ಕುಡಿದೆ, ನಾಲ್ಕರ ಬಸ್ಸಿಗೆ ಕಲಘಟಗಿಗೆ ವಾಪಸು ಬಂದೆ.