ಕರು ನೆಕ್ಕಿದ ಆಕಾಶ

ನಾನು ಚಿಕ್ಕವನಿದ್ದಾಗ ಒಂದು ದಿನ ನಮ್ಮ ಮನೆಯ ಕರು ಆಕಾಶವನ್ನು ನೆಕ್ಕಿಬಿಟ್ಟಿತು. ನಗಬೇಡಿ ಮಕ್ಕಳೇ, ನಿಜವಾಗಿಯೂ ನೆಕ್ಕಿತು. ಎರಡು ಮೊಳ ಅಗಲದ ನೀಲಿ, ಅದರೊಳಗಿದ್ದ ಬಿಳಿ ಮೋಡ, ಹಾರುತ್ತಿದ್ದ ಒಂದು ಕೊಕ್ಕರೆ, ಎಲ್ಲವೂ ಅದರ ನಾಲಿಗೆಯ ಪಾಲಾದವು. ತಪ್ಪು ಕರುವಿನದಲ್ಲ. ಯಾರದೆಂದು ನಾನು ಅರವತ್ತು ವರ್ಷ ಬಾಯಿ ಬಿಟ್ಟಿಲ್ಲ. ಇವತ್ತು ನಿಮಗೆ ಹೇಳುತ್ತೇನೆ.

ನಮ್ಮದು ಕೆಲಮಂಗಲದ ಹತ್ತಿರದ ಹಳ್ಳಿ. ರಾಗಿ ಒಕ್ಕಣೆ ಮುಗಿದರೆ ಸಾಕು, ಊರಿನ ಗಂಡಸರೆಲ್ಲ ಸೇರಿ ನಾಟಕ ಆಡುತ್ತಿದ್ದರು. ಆ ವರ್ಷ ಅಪ್ಪನದು ರಾಜನ ಪಾತ್ರ. ಹೊಲದಲ್ಲಿ ಎತ್ತುಗಳ ಮುಂದೆ ನಿಂತು, "ಎಲೈ ಮಂತ್ರಿಯೇ!" ಎಂದು ಕೂಗುತ್ತಿದ್ದ. ಎತ್ತುಗಳು ಕಿವಿ ಅಲ್ಲಾಡಿಸುತ್ತಿದ್ದವು. ಅದುವರೆಗೆ ನಾಟಕಕ್ಕೆ ಪರದೆ ಎಂದರೆ ಯಾರದೋ ಮನೆಯ ಜಮಖಾನ. ಆ ವರ್ಷ ಮಾತ್ರ ಊರವರು ಹಟ ಹಿಡಿದು, ನಮ್ಮದೇ ಒಂದು ಪರದೆ ಬರೆಸಬೇಕು ಎಂದುಕೊಂಡರು.

ಹೊಸೂರು ಕಡೆಯಿಂದ ಒಬ್ಬರು ಬಂದರು. ಬೆನ್ನ ಮೇಲೆ ಕುಂಚಗಳ ಕಟ್ಟು, ಕೈಯಲ್ಲಿ ಬಣ್ಣದ ಪುಡಿಯ ಡಬ್ಬಿಗಳು, ಉಗುರಿನ ಸಂದಿಯಲ್ಲೆಲ್ಲ ಹಸಿರು. ನಾವು ಅವರನ್ನು ಪರದೆ ಮೇಷ್ಟ್ರು ಎನ್ನುತ್ತಿದ್ದೆವು. ದಿನಕ್ಕೊಂದು ಮನೆಯಿಂದ ಅವರಿಗೆ ಊಟ. ಗುಡಿಸಿ ಸಾರಿಸಿದ ಕಣದ ಮೇಲೆ ಬಿಳಿ ಬಟ್ಟೆ ಹಾಸಿ, ಗಂಜಿ ಬಳಿದು, ಒಣಗಿದ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದರು. ಬೆಳಿಗ್ಗೆ ಏನೂ ಇಲ್ಲದ ಜಾಗದಲ್ಲಿ ಮಧ್ಯಾಹ್ನ ಅರಮನೆಯ ಕಂಬ ನಿಂತಿರುತ್ತಿತ್ತು! ಶಾಲೆ ಬಿಟ್ಟೊಡನೆ ನಾವು ಪುಸ್ತಕದ ಚೀಲ ಎಲ್ಲೆಂದರಲ್ಲಿ ಎಸೆದು ಕಣಕ್ಕೆ ಓಡುತ್ತಿದ್ದೆವು.

ಆಕಾಶ ಮತ್ತು ನವಿಲು ಉಳಿದಿರುವಾಗ ಬಣ್ಣಕ್ಕೆ ಕಲಸುವ ಅಂಟು ಮುಗಿಯಿತು. ಮೇಷ್ಟ್ರು ನಮ್ಮನ್ನೆಲ್ಲ ಕರೆದರು.

"ಕೆರೆ ಏರಿ ಮೇಲೆ ಜಾಲಿ ಮರ ಅವಲ್ಲಾ, ಅಂಟು ಬುಡಿಸ್ಕೊಂಡು ಬನ್ರೋ. ಯಾರು ಜಾಸ್ತಿ ತತ್ತೀರೋ ಅವ್ರ ಕೈಗೆ ಕುಂಚ ಕೊಡ್ತೀನಿ. ನವಿಲಿನ ಒಂದು ಗರಿ ಅವ್ರೇ ಬರೀಬೇಕು."

ಅಬ್ಬಾ, ನಾವು ಓಡಿದ ಓಟ! ಜಾಲಿ ಮುಳ್ಳು ಕೈ ಕಾಲೆಲ್ಲ ಗೀರಿತು. ತೊಗಟೆಯ ಮೇಲೆ ಹೊನ್ನಿನ ಹನಿಯಂತೆ ಕೂತಿದ್ದ ಅಂಟನ್ನು ಉಗುರಿನಿಂದ ಎಬ್ಬಿಸಿದೆವು. ಆದರೆ ನನಗೆ ಸಿಕ್ಕಿದ್ದು ಒಂದೇ ಹಿಡಿ. ಪಕ್ಕದ ಮನೆಯ ಹುಡುಗನ ಹತ್ತಿರ ತೆಂಗಿನ ಚಿಪ್ಪಿನ ಅರ್ಧ ತುಂಬಿತ್ತು. ಆ ಗರಿ ನನಗೆ ಬೇಕೇ ಬೇಕಿತ್ತು. ಮನೆಗೆ ಓಡಿ, ಕಬ್ಬಿಣದ ಸೌಟಿನಲ್ಲಿ ಬೆಲ್ಲ ಹಾಕಿ ಒಲೆಯ ಮೇಲೆ ಹಿಡಿದೆ. ನೊರೆ ಬಂತು, ಘಮ ಬಂತು. ತಣ್ಣೀರಿಗೆ ಬಿಟ್ಟರೆ ಥೇಟ್ ಜಾಲಿ ಅಂಟಿನ ಉಂಡೆ!

ಅಷ್ಟರಲ್ಲಿ ಅಕ್ಕ ನೀರು ಹೊತ್ತು ಒಳಗೆ ಬಂದಳು. "ಏನ್ಲಾ, ಪಾಯ್ಸ ಮಾಡ್ತಿದ್ದೀಯಾ?"

"ಕೆಮ್ಮು ಕಣಕ್ಕ. ಬೆಲ್ಲ ಕಾಸ್ಕೊಂಡು ಕುಡೀತೀನಿ," ಎಂದು ಎರಡು ಸಲ ಕೆಮ್ಮಿಯೂ ತೋರಿಸಿದೆ.

ಆ ಉಂಡೆಗಳನ್ನು ನನ್ನ ಹಿಡಿ ಅಂಟಿಗೆ ಬೆರೆಸಿ ಒಯ್ದೆ. ಗೆದ್ದವನು ನಾನೇ. ಎಲ್ಲರ ಅಂಟನ್ನೂ ಒಂದೇ ಕುಡಿಕೆಯಲ್ಲಿ ನೆನೆಹಾಕಿದ ಮೇಷ್ಟ್ರು, "ನಿನ್ನ ಅಂಟು ಬಲು ಬೇಗ ಕರಗ್ತದೆ ಕಣ್ಲಾ," ಎಂದು ನಕ್ಕರು. ಮರುದಿನ ಆಕಾಶ ಬರೆದು ಮುಗಿಸಿ ನನ್ನ ಕೈಗೆ ಕುಂಚ ಕೊಟ್ಟರು. "ಉಸಿರು ಬುಡ್ಬೇಡ, ಗರಿ ಹಾರ್ಹೋಗ್ತದೆ," ಎಂದರು. ಉಸಿರು ಕಟ್ಟಿ ಒಂದು ಗರಿ ಎಳೆದೆ. ಬಣ್ಣ ಹತ್ತಿದ ಕೈಯನ್ನು ಆ ರಾತ್ರಿ ತೊಳೆಯಲೇ ಇಲ್ಲ.

ನಾಟಕಕ್ಕೆ ಮೂರು ದಿನವಿತ್ತು. ಉಳಿದ ಬಣ್ಣವೆಲ್ಲ ಒಣಗಿದರೂ ಆಕಾಶ, ನವಿಲು ಮಾತ್ರ ಅಂಟಂಟಾಗಿಯೇ ಇದ್ದವು. ಮಂಜಿನಿಂದ ಇರಬೇಕೆಂದುಕೊಂಡ ಮೇಷ್ಟ್ರು ಪರದೆಯನ್ನು ಬಿಸಿಲಿಗೆ ಬಿಟ್ಟು ಊಟಕ್ಕೆ ಹೋದರು. ಮೊದಲು ಬಂದದ್ದು ಇರುವೆಗಳು, ಆಮೇಲೆ ನೊಣಗಳು. ಕೊನೆಗೆ ನಮ್ಮ ಕರು ಹಗ್ಗ ಕಿತ್ತುಕೊಂಡು ಬಂದು, ಅಂಚಿನಿಂದ ಶುರುಮಾಡಿ ಚಪ್ಪರಿಸತೊಡಗಿತು. ಜನ ಕೂಗಿಕೊಂಡು ಓಡಿ ಬಂದಾಗ ಅದರ ಮೂತಿಯೆಲ್ಲ ನೀಲಿ!

"ಅರಮ್ನೆಗೆ ಇರುವೆ ಸೈನ್ಯ ಬಂದದೆ ನೋಡ್ರಪ್ಪ!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

"ಏನ್ ಮೇಷ್ಟ್ರೇ, ಮನೆಗೊಂದು ದಿನ ಉಂಡ್ರಲ್ಲ, ನಮ್ಮ ಬಟ್ಟೆಗೆ ಎಂಥಾ ಬಣ್ಣ ಬಳುದ್ರಿ? ನಮ್ಮನ್ನೇನು ಕುರಿಗಳು ಅಂದ್ಕೊಂಡ್ರಾ?"

ಮೇಷ್ಟ್ರು ಮಂಡಿಯೂರಿ ಕೂತು, ಆಕಾಶಕ್ಕೆ ಬೆರಳು ಒತ್ತಿ ನಾಲಿಗೆಗೆ ಮುಟ್ಟಿಸಿಕೊಂಡರು. ನಿಧಾನವಾಗಿ ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು ಮಕ್ಕಳೇ. ಅಪ್ಪ ಬಾರಿಸುತ್ತಿದ್ದ, ಅಷ್ಟೇ.

"ಅಂಟು ಕಲಸ್ದೋನು ನಾನು. ನೋಡ್ಕೋಬೇಕಾಗಿತ್ತು. ತಪ್ಪು ನಂದೇ ಕಣಪ್ಪ," ಎಂದರು ಮೇಷ್ಟ್ರು. ಆ ಭಾಗವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಕೆಲಮಂಗಲದಿಂದ ಅಂಟು ತಂದು, ಎರಡೇ ದಿನದಲ್ಲಿ ಮತ್ತೆ ನವಿಲು, ಆಕಾಶ ಬರೆದರು. ಮೊದಲಿನದಕ್ಕಿಂತ ಚೆಲುವಾದ ಆಕಾಶ.

ಅವರು ಹೊರಟ ದಿನ ಅಕ್ಕ ನನ್ನ ಕಿವಿಯ ಹತ್ತಿರ ಬಂದು, "ಕೆಮ್ಮು ವಾಸಿ ಆಯ್ತೇನ್ಲಾ?" ಎಂದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. "ಈಗ್ಲಾದ್ರೂ ಹೋಗಿ ಹೇಳ್ಲಾ," ಎಂದಳು. ಅವರ ಹಿಂದೆ ಊರಾಚೆಯ ಹುಣಸೆಮರದವರೆಗೆ ಹೋದೆ. ಅದರ ಹಿಂದೆಯೇ ನಿಂತುಬಿಟ್ಟೆ. ಮರುವರ್ಷ ನಮ್ಮ ಊರಿನವರು ಅವರನ್ನು ಕರೆಯಲಿಲ್ಲ. ಸುತ್ತಲಿನ ಊರಿನವರೂ ಕರೆಯಲಿಲ್ಲ. "ಇರುವೆ ಪರದೆಯವ್ನು" ಎಂಬ ಮಾತು ಅವರಿಗಿಂತ ಮೊದಲೇ ಎಲ್ಲ ಕಡೆ ತಲುಪಿತ್ತು.

ದೊಡ್ಡವನಾಗಿ ಹೊಸೂರಿಗೆ ಕೆಲಸಕ್ಕೆ ಬಂದ ಮೇಲೆ ಅವರನ್ನು ಹುಡುಕಿದೆ. ಬೋರ್ಡು ಬರೆಯುವವರನ್ನು, ನಾಟಕದವರನ್ನು, ತಮಟೆಯವರನ್ನು ಕೇಳಿದೆ. ಎಲ್ಲರೂ ಕೇಳಿದ್ದು ಒಂದೇ: "ಅವ್ರ ಹೆಸ್ರೇನು?" ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ನಮ್ಮ ಊರಿನಲ್ಲಿದ್ದವರ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ.

ಈಗ ನಿಮ್ಮ ಹೊಸೂರು ನೋಡಿ! ವಾರವೆಲ್ಲ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಹುಡುಗ ಹುಡುಗಿಯರು ಭಾನುವಾರ ಸೇರಿ ಚಿತ್ರ ಬರೆಯುತ್ತಾರೆ, ತಮಟೆ ಬಾರಿಸುತ್ತಾರೆ, ಕನ್ನಡ, ತಮಿಳು, ತೆಲುಗು ಮೂರು ಭಾಷೆಯಲ್ಲೂ ನಾಟಕ ಕಟ್ಟುತ್ತಾರೆ. ಅವರು ಬರೆದದ್ದನ್ನು ನೀವು ಫೋನಿನಲ್ಲಿ ಒಂದೇ ನಿಮಿಷಕ್ಕೆ ಊರಿಗೆಲ್ಲ ಕಳಿಸುತ್ತೀರಿ. ನಮ್ಮ ಕಾಲದಲ್ಲಿ ಅಷ್ಟು ವೇಗವಾಗಿ ಓಡುತ್ತಿದ್ದದ್ದು ಕೆಟ್ಟ ಮಾತೊಂದೇ. ಅವರು ಅಭ್ಯಾಸಕ್ಕೆ ಜಾಗವಿಲ್ಲವೆಂದಾಗ ನಮ್ಮ ಮಹಡಿಯ ಹಾಲ್ ಏಕೆ ಬಿಟ್ಟುಕೊಟ್ಟೆ, ಅವರ ಸದ್ದಿಗೆ ನಾನೇಕೆ ಎಂದೂ ಬೈಯುವುದಿಲ್ಲ ಎಂದು ನೀವು ಕೇಳುತ್ತಿದ್ದಿರಲ್ಲ, ಈಗ ತಿಳಿಯಿತೇ?

ಬರುವ ಭಾನುವಾರ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಚಿತ್ರ ಶುರುವಾಗುತ್ತದೆ. ನನಗಂತೂ ಆ ದಿನ ಯಾವಾಗ ಬರುತ್ತದೋ ಎನಿಸಿದೆ. ಬರೆಯಲಿರುವ ಹುಡುಗಿಗೆ ನಾನು ಹಾಕಿದ ಷರತ್ತು ಒಂದೇ. "ನಿನ್ನ ಹೆಸರು ಬರಿಯಮ್ಮ, ಬೀದಿಯ ಆ ತುದಿಯಿಂದ್ಲೂ ಓದೋ ಅಷ್ಟು ದೊಡ್ಡದಾಗಿ," ಎಂದೆ.

ಅವಳು ಗೋಡೆಯನ್ನೊಮ್ಮೆ ಅಳೆದು ನೋಡಿ ನಕ್ಕಳು. "ಆಮೇಲೆ ಚಿತ್ರ ಎಲ್ಲಿ ಬರೀಲಿ ತಾತ?"