ಇಟ್ಟಿಗೆ ಗೂಡಿನ ಹಿಂದಿನ ನಲ್ಲಿ

ಬೀದಿದೀಪ ಇನ್ನೂ ಆರಿಲ್ಲ. ನಾನು ಹೋದಾಗ, ಆಸ್ಪತ್ರೆಯ ಹಿಂಬದಿಯ ಇಕ್ಕಟ್ಟು ಕೋಣೆಯಲ್ಲಿ, ಎಲ್ಲರೂ ಜ್ವರದಕ್ಕ ಎಂದೇ ಕರೆಯುವ ಆಕೆ ಫೋನು ಹಿಡಿದು ಕೂತಿದ್ದಾರೆ. ಬೆಳಕು ಹರಿದರೆ ಜನ ಕೂಲಿಗೆ ಹೊರಡುತ್ತಾರೆ, ಆಮೇಲೆ ಯಾರೂ ಎತ್ತುವುದಿಲ್ಲ.

ಯಾವ ಸಾಂಕ್ರಾಮಿಕ ರೋಗ ಎಲ್ಲಿ ಕಾಣಿಸಿಕೊಂಡಿದೆ ಎಂದು ಜಿಲ್ಲಾ ಕಚೇರಿಗೆ ವರದಿ ಕಳಿಸುವುದು ಇವರ ಕೆಲಸ. ಗುತ್ತಿಗೆ ನೌಕರಿ. ಇಂದು ವಾಂತಿಭೇದಿಯ ಒಂಬತ್ತು ಮಂದಿ ದಾಖಲಾಗಿದ್ದಾರೆ, ಎಲ್ಲರ ವಿಳಾಸವೂ ಆಸ್ಪತ್ರೆ ಪಕ್ಕದ ಓಣಿ. ಕಚೇರಿ ತೆರೆದ ಕೂಡಲೇ ಕ್ಲೋರಿನ್ ಹಿಡಿದ ತಂಡ ಅಲ್ಲಿಗೇ ಹೋಗುತ್ತದೆ.

ಜ್ವರದಕ್ಕನಿಗೆ ಅನುಮಾನ. ಹೊರಗಿನವರಿಗೆ ಹಾಸಿಗೆ ಕೊಡುವುದಿಲ್ಲವೆಂಬ ಭಯಕ್ಕೆ ದೂರದವರು ನೆಂಟರ ಮನೆಯ ವಿಳಾಸ ಬರೆಸುತ್ತಾರೆ. ವಾರ್ಡಿನಲ್ಲಿ ಕೇಳಿದರೆ ಬರೆಸಿದ್ದನ್ನೇ ಒಪ್ಪಿಸುತ್ತಾರೆ. “ಹುಣ್ಣು ಒಂದು ಕಡೆ, ಮುಲಾಮು ಇನ್ನೊಂದು ಕಡೆ” ಎನ್ನುತ್ತಾ ಅವರು ಮನೆಯಲ್ಲಿ ಉಳಿದವರಿಗೆ ಫೋನು ಹಚ್ಚುತ್ತಾರೆ. ವಿಳಾಸದ ಮಾತೇ ಎತ್ತುವುದಿಲ್ಲ.

“ಅಜ್ಜೀ, ನಿಮ್ಮನೇಲಿ ನೀರು ಯಾರು ತರ್ತಾರೆ?”

“ಇನ್ಯಾರು, ನಾನೇ. ಸೊಸೆ ಆಸ್ಪತ್ರೇಲಿ ಕೂತಿದಾಳಲ್ಲ. ಇಟ್ಟಿಗೆ ಗೂಡಿನ ಹಿಂದಿನ ನಲ್ಲಿಗೆ ಹೋಗ್ಬೇಕು, ಸೊಂಟ ಬಿದ್ದೋಗತ್ತೆ.” ಅಜ್ಜಿಯ ದನಿ ತಟ್ಟನೆ ಕುಗ್ಗುತ್ತದೆ. “ಮೊಮ್ಮಗನ ಹಾಸಿಗೆ ಬಿಡಿಸ್ತೀಯೇನಮ್ಮಾ?”

“ಬಿಡಿಸೋಕೆ ಅದು ನಮ್ಮಪ್ಪಂದಲ್ಲ ಅಜ್ಜಿ. ನೀವು ನೀರು ಕುದಿಸಿ ಕುಡೀರಿ.”

ಫೋನು ಎತ್ತಿದ ಇನ್ನೂ ಐದು ಮನೆಯವರು ಹೇಳುವುದು ಅದೇ ನಲ್ಲಿ. ಗೂಡಿರುವುದು ಪಕ್ಕದ ಜಿಲ್ಲೆಯಲ್ಲಿ. ಕಂಪ್ಯೂಟರಿನ ಪಟ್ಟಿಯಲ್ಲಿ ಆ ಊರೇ ಇಲ್ಲ. ಇವರ ಸಾಹೇಬರು, ವಿಳಾಸ ಇದ್ದ ಹಾಗೇ ಕಳಿಸಿ ಎಂದು ಕೈತೊಳೆದುಕೊಳ್ಳುತ್ತಾರೆ. ಆಚೆ ಕಡೆಯ ಸಾಹೇಬರು, ನಿಮ್ಮ ರೋಗ ನಮ್ಮ ತಲೆಗೆ ಕಟ್ಟಬೇಡಿ ಎಂದು ಗದರುತ್ತಾರೆ. ಸಂಖ್ಯೆ ಏರಿದರೆ ಸಭೆಯಲ್ಲಿ ಬೈಸಿಕೊಳ್ಳಬೇಕಾದವರು ಅವರು ತಾನೆ. ಅಷ್ಟರಲ್ಲಿ ಗಂಡನ ಕರೆ: “ಊರವರ ಹೊಟ್ಟೆ ವಿಚಾರ್ಸಿದ್ದು ಸಾಕು, ನನ್ನ ಹೊಟ್ಟೆಗೆ ತಿಂಡಿ ಯಾವಾಗ?”

ಜ್ವರದಕ್ಕ ಆ ಕರೆ ಮುಗಿಸುತ್ತಾರೆ. ಆಮೇಲೆ ಗೂಡಿನ ಕಡೆ ನಲ್ಲಿ ನೀರು ಬಿಡುವ ನೀರುಗಂಟಿಗೆ ಫೋನು ಮಾಡುತ್ತಾರೆ. ಮುಖ ಕಂಡವರಲ್ಲ, ಇಂಥ ಬೆಳಗುಗಳಲ್ಲೇ ಪರಿಚಯವಾದ ದನಿ.

“ಸಾಹೇಬರ ಆರ್ಡರ್ ಇದೆಯಾ ಅಕ್ಕಾ?”

“ಇಲ್ಲ ಕಣಪ್ಪಾ. ಮಕ್ಕಳು ಕುಡೀತಿದಾವೆ, ಅಷ್ಟೇ.”

ನೀರುಗಂಟಿ ಗೊಣಗುತ್ತಲೇ ಹೋಗಿ ನೀರು ನಿಲ್ಲಿಸುತ್ತಾರೆ. ಅಗೆದು ನೋಡಿದರೆ ಪೈಪು ಚರಂಡಿಯೊಳಗೇ ಒಡೆದಿದೆ. ಇತ್ತ ತಂಡ ಓಣಿಗೆ ಹೋಗಿ, ಕೆಟ್ಟಿಲ್ಲದ ನೀರಿಗೆ ಕ್ಲೋರಿನ್ ಸುರಿದು, ಫೋಟೋ ತೆಗೆಸಿಕೊಂಡು ಬರುತ್ತದೆ.

ಮರುವಾರ ನಾನು ಮತ್ತೆ ಹೋದಾಗ ಜ್ವರದಕ್ಕ ಅದೇ ಕುರ್ಚಿಯಲ್ಲಿದ್ದಾರೆ, ಕಣ್ಣು ಕೆಂಪಾಗಿದೆ. ಅಜ್ಜಿಯ ಮೊಮ್ಮಗ ಮನೆ ಸೇರಿದ್ದಾನೆ. ಗೂಡಿನ ಕಡೆಯಿಂದ ಹೊಸದಾಗಿ ಯಾರೂ ಬಂದಿಲ್ಲ. ರೋಗಿಗಳ ಲೆಕ್ಕದಲ್ಲಿ ಸೊನ್ನೆ ತೋರಿಸಿದ ಆಚೆ ಜಿಲ್ಲೆಗೆ ಸಭೆಯಲ್ಲಿ ಶಹಬ್ಬಾಸ್‌ಗಿರಿ ಸಿಕ್ಕಿದೆ. ಒಂಬತ್ತು ಮಂದಿಗೆ ರೋಗ ಹೇಗೆ ಬಂತು ಎಂದು ವಿವರಣೆ ಕೇಳಿರುವುದು ಇವರನ್ನು.

ಬೇಸರವಾಗುವುದಿಲ್ಲವೇ ಎಂದರೆ, ಮುಂದಿನ ನಂಬರು ಒತ್ತುತ್ತಲೇ ಹೇಳುತ್ತಾರೆ: “ಆಗತ್ತೆ. ಆದ್ರೂ ಹೊಗಳಿಸ್ಕೊಳ್ಲಿ ಬಿಡಿ. ಆ ಸೊನ್ನೆ ನಂದು.”